ಹುಬ್ಬಿನವರೆಗೆ ಅಜ್ಜಿ

ಜಿಬಿ ಹೆಚ್ಚಾದಷ್ಟೂ ಫೋಟೊ ಸ್ಪಷ್ಟವಾಗಿ ಬರುತ್ತದೆಂದು ನಾನು ಇಪ್ಪತ್ತೇಳನೇ ವಯಸ್ಸಿನವರೆಗೂ ನಂಬಿದ್ದೆ. ನಂಬಿ ಸುಮ್ಮನಿದ್ದರೆ ಹಾಳಾಗಿ ಹೋಗಲಿ, ಹೆಣ್ಣು ನೋಡಲು ಹೋದ ಮನೆಯಲ್ಲೂ ಅದನ್ನೇ ಘೋಷಿಸಿದ್ದೆ.

"ಕಳಿಸಿದ್ದ ಫೋಟೊದಾಗೆ ಮುಖ ಮಸುಕಾಗಿತ್ತಲ್ಲಪ್ಪಾ?" ಎಂದು ಹುಡುಗಿಯ ಅಜ್ಜಿ ಕೇಳಿದರು.

"ಅದು ಹದಿನಾರು ಜಿಬಿ ಫೋನು ಅಜ್ಜಿ. ಅರವತ್ನಾಲ್ಕು ಇದ್ದಿದ್ರೆ ಇನ್ನೂ ಚೆನ್ನಾಗಿ ಕಾಣ್ತಿದ್ದೆ!"

ಹುಡುಗಿ, ಅಂದರೆ ಸಿರಿ, ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಒಳಗೆ ಓಡಿದಳು. ನಾಚಿಕೆ ಅಂದುಕೊಂಡೆ. ನಗು ತಡೆಯಲಾಗದೆ ಓಡಿದ್ದೆಂದು ಮದುವೆಯಾದ ಮೇಲೆ ಹೇಳಿದಳು.

ಕಳೆದ ತಿಂಗಳು ಅದೇ ಅಜ್ಜಿ, ಶಿವಬಸಮ್ಮ, ನನ್ನನ್ನು ಶ್ರೀನಗರದ ಮನೆಗೆ ಕರೆಸಿಕೊಂಡರು. ಎಂಬತ್ತೊಂದು ವರ್ಷ. ಹೃದಯದ ಕವಾಟ ಕೆಟ್ಟಿತ್ತು. ಸೋಮವಾರ ಆಪರೇಶನ್ನು. ಡಾಕ್ಟರು "ಫಿಫ್ಟಿ ಫಿಫ್ಟಿ" ಎಂದು ಹೇಳಿ, ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಹೇಳದೆ ಹೋಗಿದ್ದರು.

"ಅಳಿಯಪ್ಪಾ, ನನ್ನದೊಂದು ಗೋಡೆ ಫೋಟೊ ತೆಗೀಬೇಕು ನೀನು."

ಗೋಡೆ ಫೋಟೊ ಅಂದರೆ ಹಾರ ಹಾಕುವ ಫೋಟೊ. ಅಜ್ಜಿಯ ಆತಂಕಕ್ಕೆ ಕಾರಣ ಎದುರಿನ ಗೋಡೆಯ ಮೇಲೇ ಇತ್ತು: ಅವರ ಯಜಮಾನರು ಸೋಮಲಿಂಗಪ್ಪ. ಅವರು ದಿಢೀರನೆ ಹೋದಾಗ ಮನೆಯಲ್ಲಿ ಬೇರೆ ಫೋಟೊ ಸಿಗದೆ, ಬಸ್ ಪಾಸಿನಲ್ಲಿದ್ದದ್ದನ್ನು ಕಿತ್ತು ದೊಡ್ಡದು ಮಾಡಿಸಿದ್ದರು. ಭುಜದ ಮೇಲೆ ಅರ್ಧ ನೀಲಿ ಸೀಲು. ಇಪ್ಪತ್ತೆರಡು ವರ್ಷಗಳಿಂದ ಗಂಡನ ಜೊತೆ ಆ ಸೀಲಿಗೂ ಹೂವು ಏರುತ್ತಿದೆ.

"ನೋಡು, ಕೈಲಾಸದಾಗೂ ಬಸ್ಸಿಗೆ ಕಾಯ್ತಾ ನಿಂತಂಗವ್ರೆ. ನನಗೆ ಹಂಗಾಗ್ಬಾರ್ದು. ಬದುಕಿ ಬಂದ್ರೆ ಫೋಟೊ ಬೀರುನಾಗೆ ಇಡು, ಬರ್ಲಿಲ್ಲ ಅಂದ್ರೆ ಗೋಡೆಗೆ ಹಾಕು. ಅಷ್ಟೇಯ."

ನಾನು ಎದೆ ತಟ್ಟಿಕೊಂಡೆ. "ಅಜ್ಜೀ, ಮೂರು ತಲೆಮಾರು ನೋಡೋ ಫೋಟೊ ತೆಗೀತೀನಿ! ಇದು ನನ್ನ ಪ್ರತಿಜ್ಞೆ!"

ಪ್ರತಿಜ್ಞೆಗೆ ತಕ್ಕ ಕ್ಯಾಮೆರಾ ನನ್ನಲ್ಲಿತ್ತು. ಆದರೆ ಅದರೊಳಗಿನ ಹಳೆಯ ಮೆಮೊರಿ ಕಾರ್ಡು ಆಗಾಗ ಮುನಿಸಿಕೊಂಡು 'ಎರರ್' ಎನ್ನುತ್ತಿತ್ತು. ಇಂಥ ಮಹತ್ಕಾರ್ಯವನ್ನು ಅದರ ಕೈಗೆ ಕೊಡುವುದೇ? ಛೆ! ಊರಿನಲ್ಲೇ ಅತಿ ದೊಡ್ಡ, ಅತಿ ನಂಬಿಕಸ್ಥ ಕಾರ್ಡು ತರುವುದೆಂದು ನಿಶ್ಚಯಿಸಿದೆ.

ಬಿಟಿಎಂ ಲೇಔಟಿನ ಒಂದು ಕಾಲ್ ಸೆಂಟರಿನಲ್ಲಿ ನನಗೆ ಕೆಲಸ. ಫ್ರಿಜ್ ಕೆಟ್ಟು ಅಳುವ ಜನರಿಗೆ "ನಿಮ್ಮ ಬೇಜಾರು ಅರ್ಥವಾಗುತ್ತೆ ಮೇಡಂ, ಆದರೆ ಬಿಲ್ ಇಲ್ಲದಿದ್ದರೆ ವಾರಂಟಿ ಬರಲ್ಲ" ಎನ್ನುವುದು ನನ್ನ ವೃತ್ತಿ. ಪಕ್ಕದ ಸೀಟಿನ ಪ್ರಮೋದ್ ರಜಾ ದಿನಗಳಲ್ಲಿ ಮದುವೆ ಫೋಟೊ ತೆಗೆಯುವವನು. ಅವನನ್ನು ಕೇಳಿದೆ.

"ಮಗಾ, ಬಿಲ್ ಕೊಡೋ ಅಂಗಡೀಲಿ ತಗೋ. ದೊಡ್ಡದು ಒಂದಲ್ಲ, ಚಿಕ್ಕದು ಎರಡು ತಗೋ. ತಂದ ತಕ್ಷಣ ಪೂರ್ತಿ ತುಂಬ್ಸು. ತುಂಬ್ಸಿದ್ದನ್ನ ಲ್ಯಾಪ್‌ಟಾಪಲ್ಲಿ ಒಂದೊಂದೇ ತೆಗೆದು ನೋಡು. ಆಮೇಲೆ ಎಲ್ಲಾ ಅಳ್ಸಿ ಕೆಲ್ಸ ಶುರು ಮಾಡು."

ಎಷ್ಟು ಸರಳ! ಇದರಲ್ಲಿ ನಾನು ಪಾಲಿಸಿದ್ದು 'ತುಂಬ್ಸು' ಎಂಬುದನ್ನು ಮಾತ್ರ. ಅದೂ ಅರ್ಧ.

ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಮೊಬೈಲ್ ಕವರುಗಳ ನಡುವೆ ಅದು ನೇತಾಡುತ್ತಿತ್ತು: ಐನೂರ ಹನ್ನೆರಡು ಜಿಬಿ! ಹೊನ್ನಿನ ಬಣ್ಣದ ಅಕ್ಷರ! ಮಾರುವವನು ಅಂಗಡಿ ಬೆಲೆಯ ಕಾಲು ಭಾಗಕ್ಕೆ ಕೊಟ್ಟ. ಅನುಮಾನ ಪಡಬೇಕಾದ ಜಾಗದಲ್ಲಿ ನಾನು ಹೆಮ್ಮೆಪಟ್ಟೆ.

ಶುಕ್ರವಾರ ಬೆಳಗ್ಗೆ ಪರೀಕ್ಷೆಗೆಂದು ಮನೆ ಹತ್ತಿರದ ಪುಟ್ಟೇನಹಳ್ಳಿ ಕೆರೆಗೆ ಹೋದೆ. ಕೊಕ್ಕರೆ ನಿಂತದ್ದು ವಿಡಿಯೊ. ಕೊಕ್ಕರೆ ಇನ್ನೂ ನಿಂತೇ ಇದ್ದದ್ದು ವಿಡಿಯೊ. ನೀರುಕಾಗೆ ರೆಕ್ಕೆ ಒಣಗಿಸಿದ್ದು ಹದಿನೆಂಟು ನಿಮಿಷ. ಎಷ್ಟು ತೆಗೆದರೂ ಜಾಗ ಮುಗಿಯಲೊಲ್ಲದು. ಅಕ್ಷಯಪಾತ್ರೆ!

"ರೀ, ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ರಾ?" ಎಂದಳು ಸಿರಿ.

"ಕ್ಯಾಮೆರಾದಲ್ಲೇ ಕಾಣ್ತಿದೆಯಲ್ಲೇ!"

"ಹಕ್ಕಿಗಳನ್ನಾದ್ರೂ ಅಳಿಸ್ರಿ."

"ಐನೂರ ಹನ್ನೆರಡರಲ್ಲಿ ಜಾಗಕ್ಕೆ ಬರವೇ? ಇರ್ಲಿ ಬಿಡು, ಪಾಪ."

ಶನಿವಾರ ಅಜ್ಜಿ ಕಡುಹಸಿರು ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಉಸಿರು ಮೇಲೆ ಕೆಳಗೆ ಆಗುತ್ತಿದ್ದರೂ ಬೆನ್ನು ನೇರ. ನಲವತ್ತಮೂರು ಫೋಟೊ ತೆಗೆದೆ. ಪ್ರತಿ ಸಲವೂ ಕ್ಯಾಮೆರಾದ ಪರದೆಯಲ್ಲಿ ಎರಡು ಸೆಕೆಂಡು ಮಿಂಚಿ ಮರೆಯಾಗುತ್ತಿದ್ದ ತಮ್ಮ ಮುಖವನ್ನು ಅಜ್ಜಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕೊನೆಯದಕ್ಕೆ "ಇದೇ ಇರ್ಲಿ" ಎಂದರು. ಗೋಡೆಯ ಮೇಲೆ ಗಂಡನ ಪಕ್ಕದ ಜಾಗವನ್ನು ಒಮ್ಮೆ ಅಳೆಯುವವರಂತೆ ನೋಡಿದರು.

ಭಾನುವಾರ ಬೆಳಗ್ಗೆ ಅಜ್ಜಿ ಆಸ್ಪತ್ರೆ ಸೇರಿದರು. ಮಧ್ಯಾಹ್ನ ನಾನು ಪ್ರಿಂಟು ಹಾಕಿಸಲೆಂದು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದೆ.

ಕೊಕ್ಕರೆ ಬಂತು. ಅದ್ಭುತವಾಗಿ ಬಂತು! ಒಂದೊಂದು ಪುಕ್ಕ ಎಣಿಸಬಹುದು. ನೀರುಕಾಗೆಯ ಕಣ್ಣೊಳಗೆ ಕೆರೆಯೇ ಕಾಣುತ್ತಿತ್ತು. ಆಮೇಲೆ ಅಜ್ಜಿಯ ಮೊದಲನೇ ಫೋಟೊ: ನೆರೆತ ಕೂದಲು, ಹಣೆ, ಮೂರು ಗೆರೆ ವಿಭೂತಿ, ಎರಡು ಹುಬ್ಬು. ಹುಬ್ಬಿನಿಂದ ಕೆಳಗೆ ಬೂದು ಬಣ್ಣ. ಉಳಿದ ನಲವತ್ತೆರಡರಲ್ಲಿ ಹುಬ್ಬೂ ಇಲ್ಲ. ಕಡತಕ್ಕೆ ಹೆಸರಿದೆ, ತಾರೀಖಿದೆ, ತೂಕವಿದೆ. ಒಳಗೆ ಅಜ್ಜಿಯಿಲ್ಲ.

ಓಡಿ ಹೋಗಿ ಪ್ರಮೋದನ ಮುಂದೆ ಕೂತೆ. ಒಂದು ಗಂಟೆ ಏನೇನೋ ಮಾಡಿ ಅವನು ಕಾರ್ಡು ಹೊರಗೆ ತೆಗೆದ.

"ಇದು ಮೂವತ್ತೆರಡು ಜಿಬಿ ಕಾರ್ಡು ಗುರು. ಐನೂರ ಹನ್ನೆರಡು ಅಂತ ಸುಳ್ಳು ಹೇಳೋ ಹಂಗೆ ಮಾಡಿದಾರೆ. ಮೂವತ್ತೆರಡು ತುಂಬೋವರ್ಗೂ ನಿಜ, ಆಮೇಲೆ ತಗೊಂಡಂಗೆ ನಾಟಕ. ಪರದೇಲಿ ಕಂಡಿದ್ದು ಕ್ಯಾಮೆರಾ ತೋರ್ಸಿದ್ದು, ಕಾರ್ಡ್ ಅಲ್ಲ."

"ವಾಪಸ್ ತರೋಕಾಗಲ್ವಾ?"

"ಅಳಿಸಿಹೋಗಿದ್ರೆ ತರ್ಬೋದು ಮಗಾ. ಬರೆದೇ ಇಲ್ದಿರೋದನ್ನ ಎಲ್ಲಿಂದ ತರ್ಲಿ?"

ಅಂದರೆ ನಿಜವಾದ ಜಾಗವನ್ನೆಲ್ಲ ನಾನು ಕೊಕ್ಕರೆಗೆ ದಾನ ಮಾಡಿದ್ದೆ! ಆ ನೀರುಕಾಗೆ ರೆಕ್ಕೆಯನ್ನು ಸ್ವಲ್ಪ ಬೇಗ ಒಣಗಿಸಿಕೊಂಡಿದ್ದರೆ ಅಜ್ಜಿಯ ಮೂಗಾದರೂ ಬರುತ್ತಿತ್ತು.

ಸಂಜೆ ಫುಟ್‌ಪಾತಿಗೆ ಹೋಗಿ ಕೂಗಾಡಿದೆ. ಕಾರ್ಡು ಮಾರಿದವನು ಕವರುಗಳನ್ನು ಜೋಡಿಸುತ್ತಲೇ ಹೇಳಿದ: "ನಿಮ್ ಬೇಜಾರು ಅರ್ಥ ಆಗುತ್ತೆ ಸಾರ್. ಆದ್ರೆ ನೀವು ಒಳ್ಳೇದು ಕೇಳ್ಲಿಲ್ಲ, ದೊಡ್ಡದು ಕೇಳಿದ್ರಿ. ಬಿಲ್ ಇದ್ಯಾ?"

ನನ್ನ ವೃತ್ತಿಬಾಂಧವ!

ಮತ್ತೆ ತೆಗೆಯೋಣವೆಂದು ಅಲ್ಲಿಂದಲೇ ಆಸ್ಪತ್ರೆಗೆ ಓಡಿದೆ. ಅಷ್ಟರಲ್ಲಿ ಅಜ್ಜಿಗೆ ಉಸಿರು ಸಿಕ್ಕಿಕೊಂಡು ಐಸಿಯುಗೆ ಹಾಕಿದ್ದರು. ಮಾಸ್ಕು, ನಳಿಕೆ, ತಂತಿ. ಮುಖವೇ ಕಾಣದು.

ಸೋಮವಾರ ಆಪರೇಶನ್ ನಡೆಯುತ್ತಿತ್ತು. ಕಾರಿಡಾರಿನಲ್ಲಿ ಅಜ್ಜಿಯ ಮಗ ಕರಿಬಸವಯ್ಯ ಮಾವ ಪಿಸುಗುಟ್ಟಿದರು: "ಅಳಿಯಂದ್ರೇ, ಫೋಟೊ ಸಿದ್ಧ ಐತಲ್ವಾ? ಫ್ರೇಮು ಹದಿನೆಂಟು ಇಪ್ಪತ್ನಾಲ್ಕಕ್ಕೆ ಹೇಳ್ಬಿಡ್ಲಾ?"

ನನ್ನ ಅತ್ತೆ ಶಾಂತಾದೇವಿ ಸಿಡಿದರು. "ಅವ್ವ ಇನ್ನೂ ಬದುಕವ್ಳೆ ಕಣೋ!"

"ಬದುಕ್ಲಿ ಅಕ್ಕಾ, ಬೇಡ ಅಂದ್ನಾ? ಸೈಜ್ ಕೇಳ್ದೆ ಅಷ್ಟೇ."

ಆ ದಿನ ನಾನು ಶಿವನನ್ನು ಬೇಡಿಕೊಂಡ ಹಾಗೆ ಆ ಮನೆತನದಲ್ಲಿ ಯಾರೂ ಬೇಡಿಕೊಂಡಿರಲಾರರು. 'ಅಜ್ಜಿಯನ್ನು ಉಳಿಸು ತಂದೆ, ನನ್ನ ಬಳಿ ಫೋಟೊ ಇಲ್ಲ!' ಕಣ್ಣಲ್ಲಿ ಧಾರಾಕಾರ ನೀರು. ಅತ್ತೆ ನನ್ನ ತಲೆ ಸವರಿ, "ಹೆತ್ತ ಮಗನಿಗೆ ಫ್ರೇಮಿನ ಚಿಂತೆ. ಅಳಿಯಂದ್ರನ್ನ ನೋಡು" ಎಂದರು. ಭೂಮಿ ಬಾಯಿ ಬಿಡಲಿಲ್ಲ. ಟೈಲ್ಸ್ ಹಾಕಿದ್ದರು.

ತಡೆಯಲಾಗದೆ ಕ್ಯಾಂಟೀನಿನಲ್ಲಿ ಸಿರಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಕಾಫಿ ಲೋಟವನ್ನು ತಿರುಗಿಸುತ್ತ ಹೇಳಿದಳು.

"ಅಜ್ಜಿನ ಒಳಗೆ ಕರ್ಕೊಂಡು ಹೋಗೋವಾಗ ಮಾಸ್ಕ್ ಸರಿಸಿ ನನಗೆ ಏನಂದ್ರು ಗೊತ್ತಾ? 'ಫೋಟೊ ಆಯ್ತಲ್ಲ, ಇನ್ನು ಭಯ ಇಲ್ಲ' ಅಂದ್ರು."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶಿವ ನನ್ನ ಮೊರೆ ಕೇಳಿದ. ಆದರೆ ಅವನೂ ಪೂರ್ತಿ ಕೊಡಲಿಲ್ಲ. ಆಪರೇಶನ್ ಆದ ಮೂರನೇ ದಿನ ಅಜ್ಜಿಗೆ ಪಾರ್ಶ್ವವಾಯು ಬಡಿಯಿತು. ಹದಿನೈದು ದಿನದ ಮೇಲೆ ಮನೆಗೆ ಬಂದಾಗ ಎಡಗೈ ಮಡಿಲಲ್ಲಿ ಬಿದ್ದಿತ್ತು, ಬಾಯಿ ಎಡಕ್ಕೆ ಜೋತಿತ್ತು. ಕಿಟಕಿ ಪಕ್ಕದ ಅದೇ ಕುರ್ಚಿಯಲ್ಲಿ ಈಗ ದಿಂಬು ಒತ್ತು ಕೊಟ್ಟು ಕೂರಿಸಬೇಕಿತ್ತು.

ನಮ್ಮನ್ನು ಕಂಡೊಡನೆ ತೊದಲುತ್ತ ಕೇಳಿದ್ದು ಒಂದೇ ಮಾತು. "ಬದುಕಿ ಬಂದ್ನಲ್ಲ ಅಳಿಯಪ್ಪಾ. ಎಲ್ಲಿ, ಬೀರುನಾಗೆ ಇಡೋ ಫೋಟೊ?"

ಮೊಬೈಲಿನಲ್ಲಿ ಆ ಒಂದೇ ಒಂದು ಫೋಟೊ ತೋರಿಸಿ, ಕೊಕ್ಕರೆಯಿಂದ ಫುಟ್‌ಪಾತಿನವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಅಜ್ಜಿ ತಮ್ಮ ಹಣೆಯನ್ನು ಬಹಳ ಹೊತ್ತು ನೋಡಿದರು.

"ನಾನು ಸತ್ತಿದ್ರೆ ಇದ್ನೇ ಹಾಕ್ತಿದ್ರಾ ಗೋಡೆಗೆ?"

ಸಿರಿ ಹೇಳಿದಳು: "ಇಲ್ಲ ಅಜ್ಜಿ, ಕೊಕ್ಕರೆ ಹಾಕ್ತಿದ್ರು. ಅದು ಸಖತ್ತಾಗಿ ಬಂದಿದೆ."

ಅಜ್ಜಿ ನಕ್ಕರು. ಮುಖದ ಬಲಭಾಗ ಮಾತ್ರ ನಕ್ಕಿತು, ಎಡಭಾಗ ಹಾಗೇ ಇತ್ತು. ನಮಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಗೋಡೆ ನೋಡಿದೆ. ಸೋಮಲಿಂಗಪ್ಪನವರು ಸೀಲು ಹೊತ್ತು ಬಸ್ಸಿಗೆ ಕಾಯುತ್ತಿದ್ದರು.

ಕೇಳಬಾರದಿತ್ತು, ಆದರೂ ಕೇಳಿದೆ. "ಅಜ್ಜೀ, ಈ ಸಲ ಎರಡು ಕಾರ್ಡು ತರ್ತೀನಿ, ಬಿಲ್ ಸಮೇತ. ನಾನೇ ಮತ್ತೆ ತೆಗೀಲಾ? ಇಲ್ಲಾ... ಬಾಯಿ ಸರಿಹೋಗೋವರೆಗೂ ಕಾಯೋಣ್ವಾ?"

ಅಜ್ಜಿ ಬಲಗೈಯಿಂದ ಸೆರಗು ಸರಿಮಾಡಿಕೊಂಡರು.

"ಅಲ್ಲೀವರ್ಗೂ ನಾನಿರಲ್ಲ. ಸಿರೀ, ಸ್ಟುಡಿಯೋಗೆ ಆಟೋ ಕರಿ. ಇವನು ಬರೋದ್ ಬೇಡ."