ತಿದಿಯಿಲ್ಲದ ಆರ್ಗನ್ನು

ಸಂಗೀತದ ವಿಷಯದಲ್ಲಿ ನನ್ನನ್ನು ಯಾಮಾರಿಸುವವರು ಇನ್ನೂ ಹುಟ್ಟಿಲ್ಲ! ಕಿರಂಗೂರಿನ ನಮ್ಮ ನಾಟಕ ತಂಡಕ್ಕೆ ಇಪ್ಪತ್ತು ವರ್ಷಗಳಿಂದ ನಾನೇ ಹಾರ್ಮೋನಿಯಂ ಮೇಷ್ಟ್ರು. ಕಾಲಲ್ಲಿ ತಿದಿ ತುಳಿದು ಗಾಳಿ ತುಂಬುತ್ತಾ ಎರಡೂ ಕೈಯಲ್ಲಿ ಬಾರಿಸುವ ಲೆಗ್ ಹಾರ್ಮೋನಿಯಂ ಅದು. ಈಚೆಗೆ ತಿದಿಯನ್ನು ಇಲಿ ಕಡಿದು, ಸ್ವರಕ್ಕಿಂತ ಗಾಳಿಯೇ ಹೆಚ್ಚು ಬರುತ್ತಿತ್ತು.

ರಾಜಪಾರ್ಟಿನ ಸಿದ್ದೇಗೌಡ ಖಡಾಖಂಡಿತ ಹೇಳಿಬಿಟ್ಟ: "ಮೇಷ್ಟ್ರೇ, ಭಾನ್ವಾರದ ತಾಲೀಮಿಗೆ ಒಸ ಪೆಟ್ಗೆ ಬರ್ನಿಲ್ಲ ಅಂದ್ರೆ ಪಾಂಡವಪುರದ ಮೇಷ್ಟ್ರನ್ನ ಕರ್ಸ್‌ಬುಡ್ತೀವಿ."

ಇಪ್ಪತ್ತು ವರ್ಷದ ಕುರ್ಚಿ! ಬಿಡುವುದುಂಟೆ? ಹಳೇ ಕಾಲದ ಎಲೆಕ್ಟ್ರಿಕ್ ಆರ್ಗನ್ನಿನ ದನಿಯನ್ನು ಮೊಬೈಲಿನಲ್ಲಿ ಕೇಳಿ ಒಮ್ಮೆ ನನ್ನ ಮೈ ಜುಮ್ಮೆಂದಿತ್ತು. ಅದೇ ದನಿ ಹೊರಡಿಸುವ ಕೀಬೋರ್ಡು ಮೈಸೂರಿನಲ್ಲಿ ಸಿಗುತ್ತದೆಂದು ತಿಳಿದು, ಹೆಂಡತಿ ಜಯಮ್ಮನೊಂದಿಗೆ ಮರುದಿನವೇ ಬಸ್ಸು ಹತ್ತಿದೆ.

ಅಂಗಡಿಯವನು ಎರಡು ತೋರಿಸಿದ. ಮೊದಲನೆಯದರ ದನಿ ಚೆನ್ನಾಗಿತ್ತು, ಆದರೆ ತುಳಿಯಲು ಏನೂ ಇರಲಿಲ್ಲ. "ಇದಕ್ಕೆ ಉಸಿರೇ ಇಲ್ಲ" ಎಂದು ತೀರ್ಪಿತ್ತೆ. ಎರಡನೆಯದಕ್ಕೆ ಎಳೆದು ತಳ್ಳುವ ಒಂಬತ್ತು ಪಟ್ಟಿಗಳು, ಕೆಳಗೊಂದು ಪೆಡಲು! ತುಳಿಯುತ್ತಾ ಬಾರಿಸಿದೆ. ಆಹಾ! ಸ್ವರ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ!

"ಸಾರ್, ಆ ಪೆಡಲು..." ಎಂದ ಅಂಗಡಿಯವನು.

"ಇಪ್ಪತ್ತು ವರ್ಷದಿಂದ ತುಳೀತಾ ಇವ್ನಿ, ನಂಗೇ ಹೇಳ್ಕೊಡ್ತೀರಾ?"

"ಕರೆಂಟಿಂದು ಕಣ್ರೀ, ಅದನ್ಯಾಕೆ ತುಳೀಬೇಕು?" ಎಂದಳು ಜಯಮ್ಮ.

"ನಿಂಗೆ ಸಂಗೀತ ಏನ್ ಗೊತ್ತು? ಸುಮ್ಕಿರು!"

ಅದನ್ನೇ ಕೊಂಡು ತಂದೆ. ಭಾನುವಾರದ ತಾಲೀಮಿನಲ್ಲಿ ಸಿದ್ದೇಗೌಡ ಮೀಸೆ ತಿರುವಿ ಪದ ಎತ್ತಿದ. ನಾನು ಹುರುಪಿನಲ್ಲಿ ತುಳಿದೇ ತುಳಿದೆ. ಸ್ಪೀಕರು ಒಮ್ಮೆ ಗುಡುಗಿತು, ಒಮ್ಮೆ ಮೂಕವಾಯಿತು. ಗುಡುಗಿದಾಗ ಗೌಡನ ಪದ ನಮಗೆ ಕೇಳಿಸದು, ಮೂಕವಾದಾಗ ಗೌಡನಿಗೆ ಶ್ರುತಿ ಸಿಗದು!

"ಕರೆಂಟು ಓಗಿ ಬಂದು ಮಾಡ್ತಾ ಅದೆ, ನೋಡ್ರಲಾ!" ಎಂದು ಗೌಡ ಕೂಗಿದ. ತಂಡದವರು ಫ್ಯೂಸು ಬಿಚ್ಚಿದರು, ವೈರು ಬದಲಾಯಿಸಿದರು. "ವೋಲ್ಟೇಜ್ ಸಾಲದು" ಎಂದು ನಾನೂ ತಜ್ಞನ ಅಭಿಪ್ರಾಯ ಮಂಡಿಸಿದೆ.

ತಾಲೀಮು ನೋಡುತ್ತಾ ಕೂತಿದ್ದ ಜಯಮ್ಮ ಎದ್ದು ಬಂದಳು. "ವೋಲ್ಟೇಜಲ್ಲ ಕಣಣ್ಣ, ಇವ್ರ ಕಾಲು! ಅದು ಸೌಂಡು ಏರ್ಸಿ ಇಳ್ಸೋ ಪೆಡಲು. ಅಂಗಡಿಯೋರು ಅವತ್ತೇ ನಂಗೆ ಹೇಳಿದ್ರು."

"ನಂಗ್ಯಾಕೆ ಹೇಳ್ನಿಲ್ಲ?" ಎಂದೆ.

"ಸುಮ್ಕಿರು ಅಂದ್ರಿ. ಸುಮ್ಕಿದ್ದೆ!"

ಪೆಡಲು ಕಿತ್ತಿಟ್ಟರು. ಈಗ ಹೊಸ ಫಜೀತಿ! ಕಾಲು ಆಡದಿದ್ದರೆ ನನ್ನ ಕೈಯೂ ಆಡದು. ಗೌಡ ಆಗಲೇ ಪಾಂಡವಪುರದ ಮೇಷ್ಟ್ರಿಗೆ ಮಾಡಲು ಫೋನು ತೆಗೆದಿದ್ದ.

ಆಗ ಜಯಮ್ಮ ಮನೆಯಿಂದ ಕಾಲಲ್ಲಿ ತುಳಿಯುವ ತನ್ನ ಹೊಲಿಗೆ ಮೆಷಿನ್ನು ಹೊರಿಸಿಕೊಂಡು ಬಂದಳು. ಮೆಷಿನ್ನಿನ ತಲೆಯನ್ನು ಒಳಕ್ಕೆ ಮಡಚಿ, ಬೆಲ್ಟು ಕಳಚಿ, ಅದರ ಮೇಲೆ ಕೀಬೋರ್ಡು ಇಟ್ಟಳು. "ತುಳೀರಿ ಈಗ." ತುಳಿದೆ. ಬಾರಿಸಿದೆ. ಆರ್ಗನ್ನು ಎಂಥಾ ನುಡಿಯಿತು ಅಂತೀರಿ! ಗೌಡ ಫೋನು ಜೇಬಿಗಿಟ್ಟ. "ಇವ್ರೇ ಇರ್ಲಿ ಬುಡ್ರಲಾ."

ಕುರ್ಚಿ ಉಳಿಯಿತು! ಕಣ್ಣು ಮುಚ್ಚಿ ಮೈಮರೆತು ಬಾರಿಸುತ್ತಿದ್ದೆ. ಯಾರೋ ಹೆಗಲು ತಟ್ಟಿದರು. ಹೊಗಳಲು ಬಂದ ಅಭಿಮಾನಿಯೇ ಇರಬೇಕೆಂದು ಕಣ್ಣು ಬಿಟ್ಟೆ. ಗಂಜಾಂನಿಂದ ನೆಂಟರ ಮನೆಗೆ ಬಂದಿದ್ದ ಒಬ್ಬ ಹೆಂಗಸು ಬಟ್ಟೆ ಹಿಡಿದು ನಿಂತಿದ್ದಳು.

"ಟೈಲರಣ್ಣ, ಈ ರವಿಕೆ ಯಾವತ್ತಿಗೆ ಕೊಡ್ತೀರಾ?"