ಬಾಗಿಲಲ್ಲಿ ನಲ್ಲಿಯಿದ್ದ ಫ್ರಿಜ್ಜು

ನಮ್ಮ ಕಡೆ ಯಾರಾದರೂ ಸುಮ್ಮನೆ ಕೂರಬೇಕೆಂದು ತೀರ್ಮಾನಿಸಿದರೆ ಸಾಕು, ಊರಿಗೆಲ್ಲ ಕೆಲಸ ಹುಟ್ಟಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇದು ವಾರಕ್ಕೊಮ್ಮೆಯಾದರೂ ಆಗುತ್ತಿತ್ತು. ಅವುಗಳಲ್ಲಿ ಹೇಳಬಹುದಾದವು ಕೆಲವು.

ಅರಸೀಕೆರೆ–ಬೇಲೂರು ಬಸ್ಸಿನಲ್ಲಿ ನಾನು ಕಂಡಕ್ಟರ್ ಆಗಿದ್ದೆ. ಒಬ್ಬ ಮನುಷ್ಯ ಒಂದು ಜನ್ಮಕ್ಕೆ ಆಡಬೇಕಾದ ಮಾತನ್ನೆಲ್ಲ ಆ ರಸ್ತೆಯಲ್ಲೇ ಆಡಿ ಮುಗಿಸಿದೆ. ತೊಂಬತ್ತರ ದಶಕದ ಕೊನೆಯಲ್ಲಿ ರಿಟೈರ್ ಆಗಿ ಹಳೇಬೀಡಿನಲ್ಲಿ ನೆಲೆಸಿದಾಗ ನನಗಿದ್ದ ಆಸೆ ಒಂದೇ. ಸಂಜೆ ಆರು ಗಂಟೆಗೆ ಒಂದು ಗ್ಲಾಸು ಬೀರು ಕುಡಿಯಬೇಕು, ಅಷ್ಟು ಹೊತ್ತು ಯಾರೂ ಮಾತಾಡಿಸಬಾರದು.

ಬಾರಿನಲ್ಲಿ ಅದು ಸಾಧ್ಯವಿರಲಿಲ್ಲ. ಪ್ರತಿ ಟೇಬಲ್ಲಿನಲ್ಲೂ ನನ್ನ ಹಳೇ ಪ್ಯಾಸೆಂಜರುಗಳು. ರಿಟೈರ್ ಆಗಿದ್ದೇನೆ ಎಂದರೂ ಕೊನೇ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವರು. ಹೇಳಿದರೆ, ಅದು ತಡವಾಗಿ ಬಂತೆಂದು ಮರುದಿನ ನನ್ನ ಮೇಲೆ ರೇಗುವರು.

ನನ್ನ ಷಡ್ಡಕ ಬೆಂಗಳೂರಿನ ಒಂದು ಪಬ್ಬಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ನಲ್ಲಿಯ ಹಿಡಿ ಎಳೆದರೆ ಬೀರು ಬರುವುದನ್ನು ನಾನು ಮೊದಲು ನೋಡಿದ್ದು ಅಲ್ಲಿ. ಕುಡಿದ ಮೇಲೆ ಬಾಟಲಿ ಬೀರಿನ ಮೇಲೆ ಗೌರವ ಹೋಯಿತು. ಹಳೇ ಫ್ರಿಜ್ಜಿನೊಳಗೆ ಬೀರಿನ ಪೀಪಾಯಿ ಇಟ್ಟು, ಬಾಗಿಲಿಗೆ ನಲ್ಲಿ ಕೂರಿಸಿದರೆ ಮನೆಯಲ್ಲೇ ಇದಾಗುತ್ತದೆ ಎಂದ. ಪೀಪಾಯಿ ನಾನು ಕಳಿಸುತ್ತೇನೆ, ನೀನು ಫ್ರಿಜ್ಜು ನೋಡಿಕೋ ಎಂದ.

ನೋಡಿಕೊಂಡೆ.

೧. ತೂತು

ಅರಸೀಕೆರೆಯಲ್ಲಿ ಮುಚ್ಚಿಹೋದ ಜ್ಯೂಸ್ ಅಂಗಡಿಯ ಫ್ರಿಜ್ಜೊಂದು ಸಿಕ್ಕಿತು. ದೊಡ್ಡದು. ಬಣ್ಣ ಹೋಗಿತ್ತು, ತಂಪು ಹೋಗಿರಲಿಲ್ಲ. ಅಲ್ಲಿಯದೇ ಮೆಕ್ಯಾನಿಕ್ ಒಬ್ಬನನ್ನು ಹಿಡಿದೆ. ಒಳಗಿನ ತಟ್ಟೆಗಳನ್ನೆಲ್ಲ ತೆಗೆ, ಪೈಪು ಹೋಗಲು ಒಂದು ತೂತು ಮಾಡು, ನಲ್ಲಿ ಕೂರಿಸು ಎಂದೆ.

ಫ್ರಿಜ್ಜಿಗೆ ನಲ್ಲಿ ಏಕೆ ಎಂದು ಕೇಳಿದ. ಹೇಳಲಿಲ್ಲ. ಕೈತೊಳೆಯಲಿಕ್ಕೋ ಎಂದ. ಹೌದೆಂದೆ. ಅವನಿಗೆ ಸಮಾಧಾನವಾಯಿತು.

ತೂತು ಎಲ್ಲಿ ಹಾಕಬೇಕೆಂದು ನಾನು ಹೇಳುವ ಮೊದಲೇ ಡ್ರಿಲ್ಲನ್ನು ಪಕ್ಕದ ಗೋಡೆಗೆ ಹಚ್ಚಿದ. ಆ ಗೋಡೆಯೊಳಗೆ ತಂಪಿನ ಗ್ಯಾಸು ಓಡುವ ಪೈಪು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿರಬೇಕಿತ್ತು. ಬುಸ್ ಎಂದು ಶಬ್ದ ಬಂತು. ಇಬ್ಬರೂ ನಿಂತು ಕೇಳಿದೆವು. ಶಬ್ದ ಪೂರ್ತಿ ನಿಲ್ಲುವವರೆಗೂ ಅವನು ಡ್ರಿಲ್ ಕೆಳಗಿಡಲಿಲ್ಲ.

ಏನಯ್ಯಾ ಇದು ಎಂದೆ.

"ಗ್ಯಾಸ್ ಫುಲ್ ಇತ್ತು ಸಾರ್. ಒಳ್ಳೇ ಫ್ರಿಜ್ಜು ತಗಂಡಿದೀರ."

ಪೈಪಿಗೆ ಬೆಸುಗೆ ಹಾಕಿ, ಮತ್ತೆ ಗ್ಯಾಸು ತುಂಬಿ, ಬಾಗಿಲಿಗೆ ಇನ್ನೊಂದು ತೂತು ಹಾಕಿ ನಲ್ಲಿ ಕೂರಿಸಿದ. ಪೀಪಾಯಿಯೊಳಗಿನ ಬೀರನ್ನು ನಲ್ಲಿಯವರೆಗೆ ತಳ್ಳಲು ಬೇರೆ ಗ್ಯಾಸು ಬೇಕು. ಅದರ ಸಿಲಿಂಡರು ಗೋಲಿ ಸೋಡಾ ಮಾಡುವವನ ಹತ್ತಿರ ಸಿಕ್ಕಿತು. ಇಷ್ಟೆಲ್ಲ ಆದ ಮೇಲೆ ಮೊದಲ ತೂತಿಗೆ ಏನು ಮಾಡುತ್ತೀಯ ಎಂದು ಮೆಕ್ಯಾನಿಕ್ಕನನ್ನು ಕೇಳಿದೆ.

"ಇರ್ಲಿ ಬಿಡಿ ಸಾರ್. ಮುಂದೆ ಕಾಲು ತೊಳಿಯಕ್ಕೂ ಒಂದು ಬೇಕಾಗ್ಬೋದು."

೨. ಹಾಲು

ಪೀಪಾಯಿ ರೈಲಿನಲ್ಲಿ ಅರಸೀಕೆರೆಗೆ ಬಂತು. ಅಲ್ಲಿಂದ ನನ್ನ ಹಳೇ ಬಸ್ಸಿನ ಟಾಪಿನ ಮೇಲೆ ಹಳೇಬೀಡಿಗೆ ಬರಬೇಕು. ಮೂವತ್ತು ಲೀಟರಿನದು, ಬೆಳ್ಳಗೆ ಹೊಳೆಯುವ ಲೋಹದ್ದು. ಟಾಪಿನ ಮೇಲೆ ಅದರ ಪಕ್ಕದಲ್ಲೇ ಹಾಲಿನ ಡೈರಿಯ ಖಾಲಿ ಕ್ಯಾನುಗಳಿದ್ದವು. ಜಾವಗಲ್‌ಗೆ ಮುಂಚಿನ ಒಂದು ಹಳ್ಳಿಯಲ್ಲಿ ಕ್ಯಾನು ಇಳಿಸುವವನು ಎಲ್ಲವನ್ನೂ ಇಳಿಸಿದ. ಬಿಳಿಯದ್ದೆಲ್ಲ ಹಾಲಿನದು ಎಂಬುದು ಅವನ ಲೆಕ್ಕ.

ಬಸ್ಸು ಹಳೇಬೀಡಿಗೆ ಬರಿಗೈಯಲ್ಲಿ ಬಂತು. ಎಲ್ಲಿ ಇಳಿಯಿತೆಂದು ಕಂಡಕ್ಟರನನ್ನು ಕೇಳಿ, ನಾನು ಮುಂದಿನ ಬಸ್ಸು ಹಿಡಿದು ಆ ಹಳ್ಳಿಗೆ ಹೋದೆ. ಡೈರಿಯ ಮುಂದೆ ಹತ್ತು ಹದಿನೈದು ಜನ ಸೇರಿದ್ದರು. ಡೈರಿಯ ಸೆಕ್ರೆಟರಿ, ನಡುವಯಸ್ಸಿನವನು, ಪೀಪಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅಂಗಿ ಎದೆಯವರೆಗೆ ಒದ್ದೆ. ಕೈಯಲ್ಲಿ ಸ್ಕ್ರೂಡ್ರೈವರು.

ನಡೆದದ್ದು ಇಷ್ಟು. ಇತರ ಕ್ಯಾನುಗಳು ಖಾಲಿಯಾಗಿರುವಾಗ ಇದೊಂದು ತುಂಬಿ ಬಂದದ್ದು ಅವನಿಗೆ ಅನುಮಾನ ತಂದಿತ್ತು. ಬೇರೆ ಊರಿನವರು ತಮ್ಮ ಕೆಟ್ಟ ಹಾಲನ್ನು ನಮ್ಮ ತಲೆಗೆ ಕಟ್ಟುತ್ತಿದ್ದಾರೆ ಎಂದು ತೀರ್ಮಾನಿಸಿದ. ಮುಚ್ಚಳ ಹುಡುಕಿದ, ಸಿಗಲಿಲ್ಲ. ನೆತ್ತಿಯ ಮೇಲೆ ಗುಂಡಿಯಂಥದ್ದೇನೋ ಕಂಡಿತು. ಸ್ಕ್ರೂಡ್ರೈವರಿನಿಂದ ಒತ್ತಿದ. ಅದು ಅವನ ಮುಖಕ್ಕೆ ಉತ್ತರ ಕೊಟ್ಟಿತು.

ಇದು ನನ್ನದು ಎಂದೆ. ಅವನು ಎದ್ದು ನಿಂತು ಒದ್ದೆ ಮುಖದಲ್ಲೇ ನನಗೆ ಬುದ್ಧಿ ಹೇಳಿದ. ಹಾಲು ಹುಳಿಯಾಗಿ ಉಕ್ಕುತ್ತಿದೆ, ಬಣ್ಣ ಕೂಡ ತಿರುಗಿದೆ, ಇಂಥದ್ದನ್ನು ಡೈರಿಗೆ ಹಾಕುವುದು ರೈತನಿಗೆ ಶೋಭೆಯಲ್ಲ ಎಂದ. ನಾನು ರೈತನಲ್ಲ, ಅದು ಹಾಲೂ ಅಲ್ಲ ಎಂದೆ. ಅವನು ನಂಬಲಿಲ್ಲ. ರುಚಿ ನೋಡಿಯೇ ಹೇಳುತ್ತಿದ್ದೇನೆ ಎಂದ.

"ಒಂದ್ಸಲ ನೋಡಿ ಹೆಂಗೆ ಹೇಳ್ತೀಯ," ಎಂದೆ.

"ನಾಕು ಸಲ ನೋಡಿದೀನಿ ಸಾರ್. ಕೆಟ್ಟೋಗೈತೆ. ನಮ್ಮ ಅಧ್ಯಕ್ಷರೂ ನೋಡಿದಾರೆ. ಅವರು ಇನ್ನೂ ನೋಡ್ತಾ ಅವ್ರೆ."

ಒಳಗೆ ಅಧ್ಯಕ್ಷರು ಹಾಲಿನ ಅಳತೆಯ ಲೋಟ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಪಾಪ, ಕರ್ತವ್ಯನಿಷ್ಠರು.

೩. ಕರೆಂಟು

ಪೀಪಾಯಿ ಮನೆಗೆ ಬಂದ ಮೇಲೆ ಷಡ್ಡಕ ಎರಡು ವಿಷಯ ತಿಳಿಸಿದ. ಮೊದಲೇ ಹೇಳಿದ್ದರೆ ನಾನು ತರಿಸುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಒಂದು, ಪೀಪಾಯಿ ತೆರೆದ ಮೇಲೆ ಎರಡು ಮೂರು ವಾರದಲ್ಲಿ ಮುಗಿಸಬೇಕು, ಇಲ್ಲದಿದ್ದರೆ ಕೆಡುತ್ತದೆ. ಎರಡು, ತಂಪು ತಪ್ಪಿದರೆ ಬರೀ ನೊರೆ ಬರುತ್ತದೆ.

ದಿನಕ್ಕೊಂದು ಗ್ಲಾಸು ಕುಡಿಯುವವನಿಗೆ ಮೂವತ್ತು ಲೀಟರು. ಮದುವೆ ಮನೆಯ ಸಾರಿನ ಕೊಳಗದ ಮುಂದೆ ಒಬ್ಬನನ್ನೇ ಕೂರಿಸಿದ ಹಾಗೆ.

ತಂಪಿನ ಕಥೆ ಇನ್ನೂ ಚೆನ್ನ. ನಮ್ಮ ಬೀದಿಯಲ್ಲಿ ಆಗ ಕರೆಂಟು ಮಧ್ಯಾಹ್ನ ಹೋದರೆ ಬರುತ್ತಿದ್ದುದು ಏಳಕ್ಕೆ. ನಾನು ಕೂರುವುದು ಆರಕ್ಕೆ. ಹಿಡಿ ಎಳೆದರೆ ನೊರೆ. ಐದು ನಿಮಿಷ ಕಾದರೆ ತಳದಲ್ಲಿ ಎರಡು ಚಮಚ ಬೀರು. ಎದುರು ಮನೆಯ ಮೇಷ್ಟ್ರು ನೋಡಿ, ಗಡ್ಡ ಹೆರೆದುಕೊಳ್ಳಲು ಇಷ್ಟು ದೊಡ್ಡ ಮಿಷನ್ನು ಬೇಕಿತ್ತೇ ಎಂದು ಕೇಳಿದರು.

ದಿನಾ ಹೋಗಿ ಲೈನ್‌ಮನ್ನಿಗೆ ದೂರು ಕೊಟ್ಟೆ. ಒಂದು ದಿನ ಅವನೇ ಬಂದ. ಇಡೀ ಊರಲ್ಲಿ ಯಾರೂ ಕೇಳದ ಕರೆಂಟನ್ನು ನೀವೊಬ್ಬರೇ ಏಕೆ ಕೇಳುತ್ತೀರಿ ಎಂದ. ಫ್ರಿಜ್ಜು ತೋರಿಸಿದೆ. ಅವನು ಟೋಪಿ ತೆಗೆದು ಜಗಲಿಯ ಮೇಲೆ ಇಟ್ಟ.

ಮರುದಿನದಿಂದ ನಮ್ಮ ಬೀದಿಗೆ ಸಂಜೆ ಕರೆಂಟು ಹೋಗಲಿಲ್ಲ. ಲೈನ್‌ಮನ್ನೂ ಹೋಗಲಿಲ್ಲ. ಆರಕ್ಕೆ ಬಂದರೆ ಎಂಟಕ್ಕೆ ಏಳುವನು, ಅಷ್ಟು ಹೊತ್ತೂ ಯಾವ ಕಂಬದಲ್ಲಿ ಯಾವ ತಂತಿ ಎಂದು ವಿವರಿಸುವನು. ಉಳಿದ ಬೀದಿಗಳಲ್ಲಿ ಕರೆಂಟು ಹೋದಾಗ ಜನ ಅವನನ್ನು ಹುಡುಕಿಕೊಂಡು ನಮ್ಮ ಜಗಲಿಗೆ ಬರತೊಡಗಿದರು. ಬಂದವರು ಬೈಯುವರು. ಬೈದು ಬಾಯಾರಿತು ಎಂದು ಕೂರುವರು. ಕೂತವರಿಗೆ ಕೊಡದೆ ಇರಲು ನನಗೂ ಮನಸ್ಸಿಲ್ಲ, ಕೆಡುವ ಬೀರು. ಪೀಪಾಯಿ ಮುಗಿದರೆ ಷಡ್ಡಕ ಇನ್ನೊಂದು ಕಳಿಸುವನು.

ಹೀಗೆ ನಾನು ಯಾರಿಂದ ತಪ್ಪಿಸಿಕೊಳ್ಳಲು ಫ್ರಿಜ್ಜು ಕೊಂಡೆನೋ ಅವರೆಲ್ಲ ಮನೆಗೇ ಬಂದರು. ಅವರಲ್ಲೊಬ್ಬ ಹೊರಡುವಾಗ ಕೇಳಿದ, ಬೇಲೂರಿಗೆ ಕೊನೇ ಬಸ್ಸು ಎಷ್ಟು ಹೊತ್ತಿಗೆ ಸಾರ್ ಎಂದು.

೪. ಹಿಡಿ

ಆಯುಧಪೂಜೆಯ ದಿನ ನನ್ನ ಹೆಂಡತಿ ಕುಡುಗೋಲು, ಈಳಿಗೆಮಣೆ, ನನ್ನ ಹಳೇ ಟಿಕೆಟ್ ಪಂಚು, ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದಳು. ಫ್ರಿಜ್ಜಿನ ಮುಂದೆ ಬಂದು ನಿಂತಳು. ಇದಕ್ಕೆ ಬೇಡ ಎಂದೆ. ಕರೆಂಟಿನ ವಸ್ತು, ಮುನಿಸಿಕೊಂಡರೆ ಕಷ್ಟ ಎಂದಳು. ಬಾಗಿಲಿಗೆ ವಿಭೂತಿ, ನಲ್ಲಿಯ ಕುತ್ತಿಗೆಗೆ ಚೆಂಡುಹೂವಿನ ಹಾರ. ಹಾರ ಹಾಕಿದ ಮೇಲೆ ನಲ್ಲಿ ಕಾಣಲಿಲ್ಲ. ಹಿಡಿ ಮಾತ್ರ ಮುಂದಕ್ಕೆ ಚಾಚಿಕೊಂಡಿತ್ತು.

ಕುಂಕುಮಕ್ಕೆ ಬಂದ ಪಕ್ಕದ ಮನೆಯ ಹೆಂಗಸು ಹಣೆಗೆ ಇಟ್ಟುಕೊಂಡಳು, ಎಲೆ ಅಡಿಕೆ ತೆಗೆದುಕೊಂಡಳು, ಸ್ವಲ್ಪ ತಣ್ಣೀರು ಕುಡೀತೀನಿ ಎಂದು ಫ್ರಿಜ್ಜಿನ ಬಾಗಿಲು ತೆಗೆಯಲು ಹಿಡಿ ಎಳೆದಳು. ರೇಷ್ಮೆ ಸೀರೆ. ನೆರಿಗೆಯ ಮೇಲೆಲ್ಲ ಬೀರು. ಬಾಗಿಲು ತೆರೆಯಲಿಲ್ಲವೆಂದು ಇನ್ನೂ ಜೋರಾಗಿ ಎಳೆದಳು.

ನನ್ನ ಹೆಂಡತಿ ಓಡಿಬಂದು ಹಿಡಿ ಬಿಡಿಸಿದಳು. ಇದೇನು ಎಂದು ಕೇಳಿದವಳಿಗೆ, ಇವರ ಕಷಾಯ, ಮಂಡಿನೋವಿಗೆ ಎಂದಳು. ನಲವತ್ತು ವರ್ಷದಲ್ಲಿ ನನ್ನ ಪರವಾಗಿ ಆಕೆ ಹೇಳಿದ ಮೊದಲ ಸುಳ್ಳು. ನಾನು ಮಂಡಿ ಹಿಡಿದುಕೊಂಡೆ.

ಪಕ್ಕದ ಮನೆಯವಳು ಸೆರಗಿನ ತುದಿ ಮೂಸಿ ನೋಡಿದಳು.

"ನಮ್ಮನೆಯವರ ಬಾಯಲ್ಲೂ ದಿನಾ ಇದೇ ಕಷಾಯದ ವಾಸ್ನೆ ಕಣ್ರೀ," ಎಂದಳು. "ಅವರ ಮಂಡಿ ನೋಡಿದ್ರೆ ಚೆನ್ನಾಗೇ ಐತೆ. ಇವತ್ತು ಮನೆಗೆ ಬರ್ಲಿ, ನೋವು ಮಾಡ್ತೀನಿ."

ಮಾರನೆಯ ದಿನ ಅವನು ಕುಂಟುತ್ತ ಬಂದು ನಮ್ಮ ಜಗಲಿಯ ಮೇಲೆ ಕೂತ.

೫. ಜರ್ಮನಿ

ಹಳೇಬೀಡಿನ ದೇವಸ್ಥಾನದ ಹತ್ತಿರ ಒಬ್ಬ ಗೈಡು. ಪ್ರವಾಸಿಗಳಿಗೆ ದೇವಸ್ಥಾನ ತೋರಿಸಿ, ಬಸ್ತಿಹಳ್ಳಿಯ ಬಸದಿಗಳನ್ನು ತೋರಿಸಿ, ಇನ್ನೂ ಹೊತ್ತು ಉಳಿದರೆ ನನ್ನ ಫ್ರಿಜ್ಜು ತೋರಿಸಲು ಶುರು ಮಾಡಿದ. ಇದನ್ನೂ ಹೊಯ್ಸಳರದ್ದು ಅಂತ ಹೇಳ್ತಿದೀಯೇನೋ ಎಂದು ಗದರಿದೆ. ಇಲ್ಲ ಸಾರ್, ಕಾಲ ಇನ್ನೂ ನಿರ್ಧಾರ ಆಗಿಲ್ಲ ಅಂತ ಹೇಳಿದೀನಿ ಎಂದ.

ಒಂದು ಸಂಜೆ ಜರ್ಮನಿಯ ಮುದುಕ ದಂಪತಿಯನ್ನು ಕರೆತಂದ. ಅವತ್ತು ಜಗಲಿಯ ಮೇಲೆ ಆಗಲೇ ಏಳು ಜನ. ವಿದೇಶದವರು ಬಂದದ್ದು ಕಂಡು ಎಲ್ಲರೂ ಇಂಗ್ಲಿಷ್ ಮಾತಾಡಬೇಕಾದೀತೆಂದು ಹೆದರಿ ಒಬ್ಬೊಬ್ಬರೇ ಎದ್ದು ಹೋದರು. ಗೈಡಿಗೆ ಇನ್ನೊಂದು ಬಸ್ಸಿನ ಗಿರಾಕಿ ಕಂಡು ಅವನೂ ಓಡಿದ. ನಾನು, ನನ್ನ ಹೆಂಡತಿ, ಅವರಿಬ್ಬರು ಉಳಿದೆವು.

ಜರ್ಮನಿಯ ಹೆಂಗಸು ಬಂದಾಗಿನಿಂದ ಮಾತಾಡುತ್ತಲೇ ಇದ್ದಳು. ಆತ ಬಾಯಿ ಬಿಟ್ಟಿರಲಿಲ್ಲ. ಒಂದು ಗ್ಲಾಸು ಕೊಟ್ಟೆ. ಒಂದು ಗುಟುಕು ಕುಡಿದ. ಇಳಿಯಬೇಕಾದ ಸ್ಟಾಪು ದಾಟಿಹೋದ ಪ್ಯಾಸೆಂಜರನ ಮುಖ ಮಾಡಿದ. ನಂತರ ಎದ್ದು, ನನ್ನನ್ನು ಕೇಳದೆ ಫ್ರಿಜ್ಜು ತೆರೆದ. ಗ್ಯಾಸಿನ ತಿರುಪು ಸ್ವಲ್ಪ ಸಡಿಲಿಸಿದ. ಪೈಪನ್ನು ಪೀಪಾಯಿಯ ಮೇಲೆ ಸುತ್ತಿಟ್ಟ. ಗ್ಲಾಸು ತಣ್ಣೀರಲ್ಲಿ ತೊಳೆದು, ಓರೆಯಾಗಿ ಹಿಡಿದು, ಹಿಡಿಯನ್ನು ಒಂದೇ ಸಲ ಪೂರ್ತಿ ಎಳೆದ. ಎರಡು ಬೆರಳು ನೊರೆ, ಕೆಳಗೆ ಜೇನಿನ ಬಣ್ಣ. ನನ್ನ ಕೈಗೆ ಕೊಟ್ಟ.

ಬೆಂಗಳೂರಿನಲ್ಲೂ ಅಂಥದ್ದು ಕುಡಿದಿರಲಿಲ್ಲ.

ಇಬ್ಬರೂ ಜಗಲಿಯ ಮೇಲೆ ಕೂತೆವು. ಅವನು ಕೆರೆಯ ಕಡೆ ನೋಡಿದ. ನಾನೂ ನೋಡಿದೆ. ಒಂದು ಗಂಟೆ. ಒಂದು ಮಾತಿಲ್ಲ. ಎರಡು ವರ್ಷದಿಂದ ನಾನು ಕಾಯುತ್ತಿದ್ದುದು ಆ ಒಂದು ಗಂಟೆಗೆ. ಹೊರಡುವಾಗ ಅವನು ತಲೆಯಾಡಿಸಿದ. ನಾನೂ ಆಡಿಸಿದೆ. ಅಷ್ಟು ಒಳ್ಳೆಯ ಸ್ನೇಹಿತ ನನಗೆ ಮತ್ತೆ ಸಿಕ್ಕಿಲ್ಲ.

ಆ ಒಂದು ಗಂಟೆಯೂ ನಡುಮನೆಯಲ್ಲಿ ಹೆಂಗಸರಿಬ್ಬರೂ ನಿಲ್ಲಿಸದೆ ಮಾತಾಡಿದ್ದು ಕೇಳುತ್ತಿತ್ತು. ಅವರು ಹೋದ ಮೇಲೆ ನನ್ನ ಹೆಂಡತಿ ಆ ಮನೆಯ ವಿಷಯವೆಲ್ಲ ಹೇಳಿದಳು. ಎಷ್ಟು ಮಕ್ಕಳು, ಯಾವ ಸೊಸೆ ಸರಿಯಿಲ್ಲ, ಗಂಡನಿಗೆ ಯಾವ ಪಲ್ಯ ಆಗುವುದಿಲ್ಲ. ಅವಳಿಗೆ ಕನ್ನಡ ಬರಲ್ಲ, ನಿನಗೆ ಅವಳ ಭಾಷೆ ಬರಲ್ಲ, ಹೇಗೆ ತಿಳಿಯಿತು ಎಂದೆ.

"ಗಂಡ ಮಾತಾಡಲ್ಲ ಅಂತ ಹೇಳ್ಕಳಕ್ಕೆ ಭಾಷೆ ಯಾಕ್ರೀ," ಎಂದಳು.

ನಾನು ಗ್ಲಾಸು ತೊಳೆಯಲು ಎದ್ದೆ. ಆಕೆ ಹಿಂದೆಯೇ ಬಂದಳು.

"ಅವರೂ ದಿನಾ ಗಂಡನ ಪಕ್ಕದಲ್ಲಿ ಒಂದು ಲೋಟ ಹಿಡ್ಕಂಡು ಕೂತ್ಕತಾರಂತೆ. ತುಂಬಿದ ಲೋಟ ಕೈಲಿದ್ರೆ ಗಂಡಸ್ರು ಎದ್ದು ಹೋಗಲ್ವಂತೆ."

ಮರುದಿನ ಆರು ಗಂಟೆಗೆ ಜಗಲಿ ಖಾಲಿಯಿತ್ತು. ಇನ್ನು ಮೇಲೆ ಯಾರೂ ಬರಕೂಡದೆಂದು ಆಕೆ ಬೆಳಿಗ್ಗೆಯೇ ಊರಿಗೆಲ್ಲ ಹೇಳಿ ಕಳಿಸಿದ್ದಳು. ನಾನು ಗ್ಲಾಸನ್ನು ಓರೆಯಾಗಿ ಹಿಡಿದು, ಎರಡು ಬೆರಳು ನೊರೆ ಬರುವಂತೆ ತುಂಬಿಕೊಂಡು ಕೂತೆ. ಆಕೆ ಸ್ಟೀಲ್ ಲೋಟ ತುಂಬಿಕೊಂಡು ಬಂದು ಪಕ್ಕದಲ್ಲಿ ಕೂತಳು. ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದಳು. ಸೆರಗಿನಿಂದ ತುಟಿ ಒರೆಸಿಕೊಂಡಳು.

ನಮ್ಮ ಮದುವೆಯ ದಿನ ನಮ್ಮ ಚಿಕ್ಕಪ್ಪ ಏನಂದರು ಎಂಬಲ್ಲಿಂದ ಶುರು ಮಾಡಿದಳು.

ಆಮೇಲೆ ಪೀಪಾಯಿ ಮೂರು ಮುಗಿದವು. ಒಂದೂ ಕೆಡಲಿಲ್ಲ. ಮಾತು ಇನ್ನೂ ಮದುವೆಯಾದ ಮೊದಲನೇ ವರ್ಷದಲ್ಲೇ ಇದೆ.