ಕತ್ತರಿಗೆ ಬಗ್ಗದ ಟೇಪು

"ಇದು ಬರೀ ಹೊಟ್ಟಲ್ಲ ಹಾಲಮ್ಮ, ಕಪ್ಪು ಬಂಗಾರ," ಎಂದು ಮರುಳಸಿದ್ದಪ್ಪ ಮೇಷ್ಟ್ರು ಒಂದು ಮುಷ್ಟಿ ಭತ್ತದ ಹೊಟ್ಟು ಎತ್ತಿ ತೋರಿಸಿದರು.

ಹಾಲಮ್ಮನಿಗೆ ಮೈಯೆಲ್ಲ ಉರಿಯಿತು. ಅವಳ ಮಂಡಕ್ಕಿ ಭಟ್ಟಿಗೆ ದಾವಣಗೆರೆಯಲ್ಲಿ ಹೆಸರಿತ್ತು. ಕೆಮಿಸ್ಟ್ರಿ ಪಾಠ ಮಾಡಿ ರಿಟೈರಾದ ಈ ಗಂಡ, ಅದೇ ಭಟ್ಟಿಯಲ್ಲಿ ಯಂತ್ರ ಕೂರಿಸಿದ್ದರು. ಹೊಟ್ಟನ್ನು ಕಾಯಿಸಿ, ಅದರ ಇಂಗಾಲದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆ ಬೆಳೆಸಿ, ಉಕ್ಕಿಗಿಂತ ಗಟ್ಟಿಯಾದ ದಾರ ತೆಗೆಯುತ್ತಿದ್ದರು. ಮಂಡಕ್ಕಿ ಹುರಿಯುವುದು ನಿಂತೇ ಹೋಗಿತ್ತು. ಇವತ್ತು ಮಾಜಿ ಮಂತ್ರಿಗಳು ಬಂದು ಉದ್ಘಾಟಿಸಿದರೆ ಭಟ್ಟಿ ಕಾಯಂ ಆಗಿ ನ್ಯಾನೊ ಕೇಂದ್ರವಾಗುವುದಿತ್ತು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು," ಎಂದು ಗೊಣಗಿದಳು.

ಮಂತ್ರಿಗಳು ಬಂದರು. ಬಾಗಿಲಿಗೆ ಕಟ್ಟಿದ್ದ ಟೇಪನ್ನೂ ಮೇಷ್ಟ್ರು ತಮ್ಮ ದಾರದಿಂದಲೇ ನೇಯ್ದಿದ್ದರು. ಅಂಗಡಿಯ ರಿಬ್ಬನ್ ಕಟ್ಟಿದರೆ ಸಂಶೋಧನೆಗೆ ಅವಮಾನವಂತೆ! ಬೆಳ್ಳಿ ತಟ್ಟೆಯಲ್ಲಿ ಬಂದ ಕತ್ತರಿ ಮೊದಲ ಸಲಕ್ಕೇ ಮುರಿಯಿತು. ಟೈಲರ್ ಕತ್ತರಿ ಮೊಂಡಾಯಿತು. ವೆಲ್ಡಿಂಗ್ ಅಂಗಡಿಯ ಗ್ರೈಂಡರ್ ಕಿಡಿ ಕಾರಿ ತನ್ನ ಚಕ್ರವನ್ನೇ ಒಡೆದುಕೊಂಡಿತು.

"ಸ್ವಲ್ಪ ಬಗ್ಗಿ ಒಳಗೆ ಬನ್ನಿ ಸರ್," ಎಂದು ಮೇಷ್ಟ್ರು ಕೈಮುಗಿದರು.

"ಟೇಪ್ ಕತ್ತರಿಸದೆ ಒಳಗೆ ಹೋದ್ರೆ ಪೇಪರ್‌ನೋರು ಯಾವ ಫೋಟೊ ಹಾಕ್ತಾರ್ರೀ?" ಎಂದರು ಮಂತ್ರಿಗಳು. "ರಾಹುಕಾಲ ಬೇರೆ ಬಂತು. ಜೆಸಿಬಿ ಕರೆಸ್ರಿ."

"ಅಯ್ಯೋ, ನನ್ನ ಭಟ್ಟಿ!" ಎಂದು ಹಾಲಮ್ಮ ಅಡ್ಡ ನಿಂತಳು. ಅವಳ ಮಾತು ಯಾರು ಕೇಳುತ್ತಾರೆ? ಅವಳನ್ನು ಪಕ್ಕಕ್ಕೆ ಸರಿಸಿ ಜೆಸಿಬಿ ಟೇಪಿಗೆ ಕೊಕ್ಕೆ ಹಾಕಿ ಎಳೆಯಿತು.

ಟೇಪು ಹರಿಯಲಿಲ್ಲ. ಬಾಗಿಲು, ಚೌಕಟ್ಟು, ಮುಂದಿನ ಗೋಡೆ ಎಲ್ಲ ಅದರ ಹಿಂದೆಯೇ ಕಿತ್ತು ಬಂದವು. ಮಾಡಿನ ತೊಲೆಯೊಂದು ಯಂತ್ರದ ಮೇಲೆ ಬಿದ್ದು ಅದನ್ನು ಅಪ್ಪಚ್ಚಿ ಮಾಡಿತು. ಮಂಡಕ್ಕಿ ಹುರಿಯುವ ಒಲೆಗೆ ಮಾತ್ರ ಏನೂ ಆಗಿರಲಿಲ್ಲ.

ಮಂತ್ರಿಗಳು ಧೂಳು ಕೊಡವಿಕೊಂಡರು. "ಬಾಗಿಲೇ ಇಲ್ಲದ್ದನ್ನ ಏನಂತ ಉದ್ಘಾಟನೆ ಮಾಡ್ಲಿ?" ಎಂದು ಕಾರು ಹತ್ತಿ ಹೊರಟೇಬಿಟ್ಟರು.

ಮೇಷ್ಟ್ರು ಟೇಪನ್ನು ಎತ್ತಿ ಹಿಡಿದು ಹಿಗ್ಗುತ್ತಿದ್ದರು. "ನೋಡಿದ್ಯಾ ಹಾಲಮ್ಮ? ಗೋಡೆನೇ ಬಂತು, ಒಂದು ಎಳೆನೂ ಹರಿದಿಲ್ಲ!"

ಹಾಲಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆ ಹಚ್ಚಿ, ಬಾಣಲೆ ಇಟ್ಟಿದ್ದಳು.

"ನೋಡ್ದೆ ರೀ, ಭಾಳ ಗಟ್ಟಿ ಐತೆ. ಈಗ ಒಂದು ಪುಟ್ಟಿ ಹೊಟ್ಟು ತಂದು ಒಲೆಗೆ ಹಾಕ್ರಿ. ಬಂದ ಜನ ಹಸ್ಕೊಂಡು ನಿಂತಾರೆ."